ಹನಿ ನೀರಿನಲ್ಲಿ ಓಡಾಡುವ ಜೀವಿಗಳನ್ನು ಮೊದಲು ಕಂಡವರು ಯಾರು?

'ನೀವು ಕುಡಿಯುವ ನೀರು ಇದೇ, ನೋಡಿ!' ಎಂಬ ಸಾಲಿನ ಜೊತೆ, ಒಂದು ಹನಿಯಲ್ಲಿ ಜೀವಿಗಳು ಹರಿದಾಡುವ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ, ಸುಮಾರು 350 ವರ್ಷಗಳ ಹಿಂದೆ ಇದೇ ದೃಶ್ಯವನ್ನು ಕಂಡ ಒಬ್ಬ ನೌಕರನ ಬಗ್ಗೆ ತಿಳಿಯೋಣ.

ಯಾರು ಇವರು?

ಆಂಟನಿ ವಾನ್ ಲ್ಯೂವೆನ್‌ಹುಕ್ ಹುಟ್ಟಿದ್ದು 1632ರಲ್ಲಿ, ನೆದರ್ಲೆಂಡ್ಸ್‌ನ ಡೆಲ್ಫ್ಟ್ ಪಟ್ಟಣದಲ್ಲಿ. ಮೊದಲು ಬಟ್ಟೆ ಅಂಗಡಿ ಇಟ್ಟರು. 1660ರಲ್ಲಿ ಪಟ್ಟಣದ ಆಡಳಿತದಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಭೂಮಾಪಕರಾದರು, ವೈನ್ ಅಳತೆ ನೋಡುವ ಅಧಿಕಾರಿಯೂ ಆದರು. ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವರಿಗೆ ಬರುತ್ತಿರಲಿಲ್ಲ.

ಸೂಕ್ಷ್ಮದರ್ಶಕ ಕಂಡುಹಿಡಿದವರು ಇವರೇನಾ?

ಅಲ್ಲ, ಇದು ತಪ್ಪು ಕಲ್ಪನೆ. ಸೂಕ್ಷ್ಮದರ್ಶಕ ಅವರಿಗಿಂತ ಮೊದಲೇ ಇತ್ತು. ಆದರೆ ಅವರು ಕೈಯಾರೆ ತಯಾರಿಸಿದ ಪುಟ್ಟ ಮಸೂರಗಳು ಬಹಳ ಶಕ್ತಿಶಾಲಿಯಾಗಿದ್ದವು. ಉಳಿದಿರುವವುಗಳಲ್ಲಿ ಒಂದು, ವಸ್ತುವನ್ನು 260 ಪಟ್ಟಿಗೂ ಹೆಚ್ಚು ದೊಡ್ಡದಾಗಿ ತೋರಿಸುತ್ತದೆ.

ಅವರು ಕಂಡಿದ್ದೇನು?

ಡೆಲ್ಫ್ಟ್ ಹತ್ತಿರದ ಕೆರೆಯೊಂದರ ನೀರು ಬೇಸಿಗೆಯಲ್ಲಿ ಕದಡಿ, ಅದರಲ್ಲಿ ಹಸಿರು ತೇಲುತ್ತಿತ್ತು. ಇದಕ್ಕೆ ಇಬ್ಬನಿಯೇ ಕಾರಣ ಎಂಬುದು ಹಳ್ಳಿಗರ ನಂಬಿಕೆ. 1674ರಲ್ಲಿ ಲ್ಯೂವೆನ್‌ಹುಕ್ ಆ ನೀರನ್ನೇ ತಂದು ನೋಡಿದರು. ಅದರಲ್ಲಿ ಸುರುಳಿಯಾಕಾರದ ಹಸಿರು ಪಾಚಿ ಎಳೆಗಳೂ ಚುರುಕಾಗಿ ಓಡಾಡುವ ಸೂಕ್ಷ್ಮಜೀವಿಗಳೂ ಕಂಡವು.

ಜನ ನಂಬಿದರೇ?

1676ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಇಂಥ ಜೀವಿಗಳ ಬಗ್ಗೆ ದೀರ್ಘ ಪತ್ರ ಬರೆದರು. ಹಲವರಿಗೆ ಅನುಮಾನ ಬಂತು. ಲ್ಯೂವೆನ್‌ಹುಕ್ ಬೇಸರಿಸಿಕೊಳ್ಳಲಿಲ್ಲ, ಪಾದ್ರಿಗಳೂ ಸೇರಿದಂತೆ ಎಂಟು ಮಂದಿಗೆ ತೋರಿಸಿ, ಅವರ ಹೇಳಿಕೆಗಳನ್ನು ಕಳಿಸಿದರು. ಸೊಸೈಟಿ ಅಷ್ಟಕ್ಕೇ ಒಪ್ಪಲಿಲ್ಲ, ತಾನೇ ಪರೀಕ್ಷೆ ಮಾಡಿತು. ಮೊದಲು ಏನೂ ಕಾಣಲಿಲ್ಲ. 1677ರ ನವೆಂಬರ್‌ನಲ್ಲಿ ರಾಬರ್ಟ್ ಹುಕ್ ಆ ಜೀವಿಗಳನ್ನು ಸಭೆಯ ಮುಂದೆ ತೋರಿಸಿದರು. 1680ರಲ್ಲಿ ಲ್ಯೂವೆನ್‌ಹುಕ್ ಆ ಸೊಸೈಟಿಯ ಸದಸ್ಯರಾದರು. 1723ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಆ ವಿಡಿಯೋ?

ಕೆರೆ, ಹೊಂಡದ ನೀರಿನಲ್ಲಿ ಇಂಥ ಜೀವಿಗಳಿರುವುದು ಸಹಜ. ಅವುಗಳಲ್ಲಿ ಹೆಚ್ಚಿನವು ನಮಗೆ ರೋಗ ತರುವುದಿಲ್ಲ. ಆದರೆ ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾಗಳು ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೂ ಇರಬಹುದು. ಆದ್ದರಿಂದ ವಿಡಿಯೋ ನೋಡಿ ಹೆದರುವುದೂ ಬೇಡ, ನೀರು ತಿಳಿಯಾಗಿದೆ ಎಂದು ಮೈಮರೆಯುವುದೂ ಬೇಡ. ಅನುಮಾನವಿದ್ದರೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಆರಿಸಿ ಕುಡಿಯಿರಿ. ಇದರಿಂದ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್‌ನಂಥ ರಾಸಾಯನಿಕಗಳು ಮಾತ್ರ ಹೋಗುವುದಿಲ್ಲ.

ಲ್ಯೂವೆನ್‌ಹುಕ್ ಹೇಳಿದ್ದು ನಿಜವಾಗಿತ್ತು. ಆದರೂ ಬೇರೆಯವರು ಪರೀಕ್ಷಿಸಿ ನೋಡಿದ ಮೇಲೆಯೇ ಅದನ್ನು ಒಪ್ಪಲಾಯಿತು. ನಮ್ಮ ಫೋನಿಗೆ ಬರುವ ಪ್ರತಿ ಫಾರ್ವರ್ಡ್‌ಗೂ ಇದೇ ನಿಯಮ ಇರಲಿ ಎನ್ನುತ್ತೇವೆ ನಾವು.