ಬಿಡಿ ಪರೀಕ್ಷೆ, ಕೂಡಿದ ವಿಷ: ಕಳೆನಾಶಕಗಳ ಚರಿತ್ರೆಯಲ್ಲಿ ಒಂದು ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮಧ್ಯಪಶ್ಚಿಮ ಪ್ರಾಂತದ ಮುಸುಕಿನ ಜೋಳದ ಹೊಲಗಳಲ್ಲಿ ಬಳಕೆಗೆ ಬಂದ ಕಳೆನಾಶಕಗಳ ಚರಿತ್ರೆಯನ್ನು ಇಳುವರಿಯ ಚರಿತ್ರೆಯಾಗಿ ಬರೆಯುವುದೇ ವಾಡಿಕೆ. ಆ ಹೊಲಗಳಿಂದ ಹರಿದುಹೋದ ನೀರಿನ ಕಡೆಯಿಂದ ಅದನ್ನು ನೋಡಿದರೆ ಬೇರೊಂದು ಪ್ರಶ್ನೆ ನಮಗೆ ಎದುರಾಗುತ್ತದೆ. ವಿಷಗಳು ಕೂಡಿದಾಗ ಅವುಗಳ ಗುಣ ಬದಲಾಗಬಹುದೆಂದು ತಿಳಿದಿದ್ದರೂ ಅವನ್ನು ಬಿಡಿಬಿಡಿಯಾಗಿಯೇ ತೂಗಿದುದೇಕೆ?

ಅಜ್ಞಾನವೇ ಕಾರಣವೆಂದು ನಾವು ಒಪ್ಪಲಾರೆವು. ಸಿ. ಐ. ಬ್ಲಿಸ್ ಎಂಬ ವಿದ್ವಾಂಸನು ವಿಷಗಳ ಸಂಯುಕ್ತಕ್ರಿಯೆಯನ್ನು ವಿಂಗಡಿಸಿ, ಎರಡು ವಿಷಗಳು ಕೂಡಿದಾಗ ಪರಿಣಾಮವು ನಿರೀಕ್ಷೆಯನ್ನು ಮೀರುವ ಸಂದರ್ಭವನ್ನು ೧೯೩೯ರಲ್ಲಿಯೇ ನಿರೂಪಿಸಿದ್ದನು. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ಅಟ್ರಜೀನು ಅಮೆರಿಕದಲ್ಲಿ ನೋಂದಣಿಯಾದುದು ೧೯೫೮ರಲ್ಲಿ. ಅನಂತರ ಅಲಾಕ್ಲೋರ್, ಮೆಟೊಲಾಕ್ಲೋರ್ ಮುಂತಾದುವು ಬಂದುವು. ಒಂದು ಅಗಲ ಎಲೆಯ ಕಳೆಗೆ, ಮತ್ತೊಂದು ಹುಲ್ಲಿನ ಜಾತಿಯ ಕಳೆಗೆ ಹೆಚ್ಚು ಪರಿಣಾಮಕಾರಿಯಾದುದರಿಂದ ರೈತರು ಅವನ್ನು ಬೆರೆಸಿ ಸಿಂಪಡಿಸಿದುದು ಸಹಜವೇ. ಮುಂದೆ ಬೆರೆಸಿದ ಸರಕೇ ಮಾರಾಟಕ್ಕೆ ಬಂದಿತು. ಆದರೆ ಕಚೇರಿಯಲ್ಲಿ ಪ್ರತಿಯೊಂದು ರಾಸಾಯನಿಕಕ್ಕೂ ಅದರದೇ ಕಡತ, ಅದರದೇ ಪರೀಕ್ಷೆ. ಮಿಶ್ರಣವು ಹೊಲದಲ್ಲಿಯೂ ಹೊಳೆಯಲ್ಲಿಯೂ ಇತ್ತು, ಕಡತದಲ್ಲಿ ಮಾತ್ರ ಇರಲಿಲ್ಲ.

ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ೧೯೮೯ರಲ್ಲಿ ಹತ್ತು ರಾಜ್ಯಗಳ ಹೊಳೆಗಳನ್ನು ಪರೀಕ್ಷಿಸಿದಾಗ, ಬಿತ್ತನೆಯಾದ ಮೇಲೆ ಬಿದ್ದ ಮೊದಲ ಮಳೆಗಳೊಡನೆ ಕಳೆನಾಶಕಗಳು ಒಟ್ಟಾಗಿ ಹರಿದುಬರುವುದು ಸ್ಪಷ್ಟವಾಯಿತು. ಗೊದಮೊಟ್ಟೆಗಳೂ ಕೀಟಗಳ ಮರಿಹುಳುಗಳೂ ಬೆಳೆಯುವ ಕಾಲವೂ ಅದೇ.

ಮುಂದಿನ ಪ್ರಯೋಗಗಳಲ್ಲಿ ನಮಗೆ ಅತ್ಯಂತ ಮುಖ್ಯವೆನಿಸುವುದು ೧೯೯೭ರಲ್ಲಿ ಪ್ರಕಟವಾದುದು. ಕೈರೊನೊಮಸ್ ಎಂಬ ಕಚ್ಚದ ನುಸಿಯ ಮರಿಹುಳುವನ್ನು ಅಟ್ರಜೀನು ತಾನಾಗಿ ಕೊಲ್ಲಲಿಲ್ಲ. ಆದರೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದೊಡನೆ ಸೇರಿದಾಗ ಅದರ ವಿಷವನ್ನು ಹೆಚ್ಚಿಸಿತು. ಹುಳುವಿನ ದೇಹವು ಆ ಕೀಟನಾಶಕವನ್ನು ಇನ್ನೂ ಉಗ್ರವಾದ ರೂಪಕ್ಕೆ ತಿರುಗಿಸುತ್ತದೆ. ಅಟ್ರಜೀನು ಈ ಕ್ರಿಯೆಯನ್ನು ಚುರುಕುಗೊಳಿಸುವುದೆಂದು ೨೦೦೦ದ ಪ್ರಯೋಗ ತೋರಿಸಿತು. ಪ್ರಯೋಗದ ಪ್ರಮಾಣವು ಹೊಳೆಯಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಹೆಚ್ಚೆಂಬ ಆಕ್ಷೇಪ ನ್ಯಾಯವಾದುದು. ಆದರೆ ಟೈರೋನ್ ಹೇಸ್ ಮತ್ತು ಸಂಗಡಿಗರು ೨೦೦೬ರಲ್ಲಿ ವರದಿ ಮಾಡಿದ ಪ್ರಯೋಗಕ್ಕೆ ಇದು ಸಲ್ಲದು. ಅಲ್ಲಿ ನಾಲ್ಕು ಕಳೆನಾಶಕಗಳೂ ಸೇರಿದಂತೆ ಒಂಬತ್ತು ರಾಸಾಯನಿಕಗಳನ್ನು, ಶತಕೋಟಿಯಲ್ಲಿ ೦.೧ ಭಾಗದಂತೆ, ಕೂಡಿಸಿ ಗೊದಮೊಟ್ಟೆಗಳಿಗೆ ಒಡ್ಡಲಾಯಿತು. ಸಾಮಾನ್ಯವಾಗಿ ತಡವಾಗಿ ರೂಪಾಂತರ ಹೊಂದುವ ಕಪ್ಪೆ ದೊಡ್ಡದಾಗಿರುತ್ತದೆ; ಮಿಶ್ರಣದಲ್ಲಿ ಬೆಳೆದುವು ತಡವೂ ಆದುವು, ಸಣ್ಣವೂ ಆದುವು.

ಅಮೆರಿಕದ ೧೯೯೬ರ ಆಹಾರ ಗುಣಮಟ್ಟ ರಕ್ಷಣಾ ಕಾಯಿದೆಯು ಒಂದೇ ಬಗೆಯಲ್ಲಿ ಕೆಲಸಮಾಡುವ ವಿಷಗಳನ್ನು ಒಟ್ಟಾಗಿ ಲೆಕ್ಕಿಸಬೇಕೆಂದಿತು. ಅದರ ಕಾಳಜಿ ಮನುಷ್ಯನ ಆರೋಗ್ಯ. ಯೂರೋಪು ೧೯೮೦ರಲ್ಲಿಯೇ ಬಿಡಿ ಪೀಡೆನಾಶಕಕ್ಕೆ ಲೀಟರಿಗೆ ೦.೧ ಮೈಕ್ರೋಗ್ರಾಂ, ಎಲ್ಲವೂ ಸೇರಿ ೦.೫ ಎಂದು ಮಿತಿ ಹಾಕಿತ್ತು. ಅದೂ ಕುಡಿಯುವ ನೀರಿಗೆ ಮಾತ್ರ ಅನ್ವಯಿಸಿದುದು. ಅಲ್ಲದೆ ಅದು ತೂಕಗಳ ಮೊತ್ತವೇ ಹೊರತು ಬ್ಲಿಸ್ ಹೇಳಿದ ಸಂಯುಕ್ತಕ್ರಿಯೆಯ ಲೆಕ್ಕವಲ್ಲ.