ಬೇಲೆಕೇರಿಗೆ ಯಾರ ಫೈರ್ ಇಂಜಿನ್?

ಬೇಲೆಕೇರಿ ಎಂದರೆ ಘಟ್ಟದ ಮೇಲಿನವರಿಗೆ ನೆನಪಾಗುವುದು ಅದಿರು. 2010ರಲ್ಲಿ ಅರಣ್ಯ ಇಲಾಖೆ ಮುಟ್ಟುಗೋಲು ಹಾಕಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಈ ಬಂದರದಿಂದಲೇ ಹಡಗು ಹತ್ತಿತು. ಆಮೇಲೆ ಲೋಕಾಯುಕ್ತ, ಸಿಬಿಐ, ನ್ಯಾಯಾಲಯ ಎಂದು ಊರಿನ ಹೆಸರು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಓಡಾಡಿತು. ಊರವರ ಬೇಲೆಕೇರಿ ಬೇರೆಯೇ. ಅಂಕೋಲೆಯಿಂದ ಹತ್ತು ಕಿಲೋಮೀಟರಿನೊಳಗಿನ ಒಂದು ಮೀನುಗಾರಿಕೆ ಧಕ್ಕೆ, ತೆಂಗಿನ ಹಿತ್ತಲು, ಗದ್ದೆಬಯಲು, ಹಿಂದೆ ಗುಡ್ಡ. ಇಲ್ಲಿ ಬೆಂಕಿ ಎದ್ದರೆ ಬರಬೇಕಾದದ್ದು ಅಂಕೋಲೆಯ ಅಗ್ನಿಶಾಮಕ ದಳ. ಅದು ಸಾಕೋ, ಊರಿಗೇ ಒಂದು ಬೇಕೋ ಎಂಬುದು ವಾದಕ್ಕೆ ಯೋಗ್ಯವಾದ ವಿಷಯ.

ಈ ಸೀಮೆಗೆ ಬೆಂಕಿ ಹೊಸದಲ್ಲ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್, ಅಂಕೋಲೆಯ ಪಾಳುಬಿದ್ದ ಕೋಟೆಯನ್ನೂ ಕಳ್ಳರು ಮತ್ತೆ ಮತ್ತೆ ಸುಟ್ಟ ಪೇಟೆಯನ್ನೂ ಕಂಡ. ಪೇಟೆಯೇ ಹಾಗಿದ್ದ ಮೇಲೆ ಹಳ್ಳಿಯ ಪಾಡು ಕೇಳಬೇಕೆ? ಮಡಲು, ಹುಲ್ಲು ಹೊದೆಸಿದ ಮಾಡು, ಪಕ್ಕದಲ್ಲೇ ಕೊಟ್ಟಿಗೆ, ಅಂಗಳದಂಚಿಗೆ ಹುಲ್ಲಿನ ಬಣವೆ. ಮಾರ್ಚ್-ಏಪ್ರಿಲಿನ ಗಾಳಿಗೆ ಒಂದು ಕಿಡಿ ಸಾಕು. ಬಾವಿಯಿಂದ ಕೊಡಪಾನ ಕೈಯಿಂದ ಕೈಗೆ ಸಾಗಬೇಕು. ಉರಿವ ಮನೆ ಉಳಿಯದಿದ್ದರೆ ಪಕ್ಕದ ಮನೆಯ ಮಾಡನ್ನಾದರೂ ಕಿತ್ತು ಬೆಂಕಿಗೆ ದಾರಿ ಕಡಿಯಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತಲ್ಲ, ನನ್ನ ಪ್ರಕಾರ ಕರಾವಳಿಯ ಮೊದಲ ಅಗ್ನಿಶಾಮಕ ಅದೇ. ಹೆಂಚು ತಡೆದಷ್ಟು ಬೆಂಕಿಯನ್ನು ಯಾವ ಸರ್ಕಾರವೂ ಇಲ್ಲಿ ತಡೆದಿಲ್ಲ.

1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಮುಂಬಯಿ ನಗರ ತನ್ನ ಬೆಂಕಿಯನ್ನು ತಾನೇ ನೋಡಿಕೊಳ್ಳುತ್ತದೆ. ಇಂದಿಗೂ ಅಲ್ಲಿ ದಳ ಮಹಾನಗರಪಾಲಿಕೆಯದು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಿಕೊಂಡು ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದಾಗ, ಬೆಂಕಿ ಆರಿಸಲು ಹೋದ 66 ಮಂದಿ ಸಿಬ್ಬಂದಿ ಸತ್ತರು. ಅಗ್ನಿಶಾಮಕ ಸೇವಾ ದಿನ ಆಚರಿಸುವುದು ಅವರ ನೆನಪಿಗೆ. ಏಕೀಕರಣದ ನಂತರ ನಾವು ಬಂದು ಸೇರಿದ ರಾಜ್ಯ ಬೇರೆ ಹಾದಿ ಹಿಡಿಯಿತು. 1964ರ ಅಗ್ನಿಶಾಮಕ ದಳ ಕಾಯ್ದೆ ಈ ಕೆಲಸವನ್ನು ರಾಜ್ಯ ಸರ್ಕಾರದ ಕೈಗಿತ್ತಿತು. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಅಗ್ನಿಶಾಮಕ ಸೇವೆ ಇದೆ. ಪಂಚಾಯತಿಗಳ ಪಾಲಿನ 29 ವಿಷಯಗಳಲ್ಲಿ ಅದು ಇಲ್ಲವೇ ಇಲ್ಲ. ಅಂದರೆ ಅಂಕೋಲೆ ಪುರಸಭೆ ಕಾಗದದ ಮೇಲಾದರೂ ಕೇಳಬಹುದು. ಬೇಲೆಕೇರಿ ಗ್ರಾಮ ಪಂಚಾಯತಿಗೆ ಆ ಕಾಗದವೂ ಇಲ್ಲ.

ಬೇಕೆನ್ನುವವರ ಕೈಯಲ್ಲಿ ಗಟ್ಟಿ ಲೆಕ್ಕವಿದೆ. ಗ್ರಾಮೀಣ ಪ್ರದೇಶದಲ್ಲಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ, ಕರೆ ಬಂದ 20 ನಿಮಿಷದೊಳಗೆ ಸ್ಥಳಕ್ಕೆ ಎಂಬುದು ರಾಷ್ಟ್ರಮಟ್ಟದ ಅಗ್ನಿಶಾಮಕ ಸಲಹಾ ಸಮಿತಿಯ ಮಾನದಂಡ. 10,291 ಚದರ ಕಿಲೋಮೀಟರಿನ ಉತ್ತರ ಕನ್ನಡಕ್ಕೆ ಹಾಗಾದರೆ ಇನ್ನೂರಕ್ಕೂ ಹೆಚ್ಚು ಠಾಣೆ ಬೇಕು! ಕಾಡೇ ತುಂಬಿದ ಜಿಲ್ಲೆಗೆ ಈ ಭಾಗಾಕಾರ ಅತಿಯಾಯಿತು, ಒಪ್ಪುತ್ತೇನೆ. ಆದರೆ ಧಕ್ಕೆಯ ಮಾತು ಬೇರೆ. ಜೂನ್-ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಮೈ ಫೈಬರಿನದು, ಹೊಟ್ಟೆಯಲ್ಲಿ ಡೀಸೆಲ್, ಮೇಲೆ ನೈಲಾನ್ ಬಲೆ. 2023ರ ನವೆಂಬರ್ 13ರಂದು, ದೀಪಾವಳಿಯ ಹೊತ್ತಿಗೆ, ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ಸುಟ್ಟುಹೋದದ್ದನ್ನು ಮೀನುಗಾರರು ಮರೆತಿಲ್ಲ. ಡೀಸೆಲಿಗೆ ಹೊತ್ತಿದ ಬೆಂಕಿಗೆ ಕೊಡಪಾನದ ನೀರು ಸುರಿದರೆ ಎಣ್ಣೆ ನೀರ ಮೇಲೆ ತೇಲಿ ಪಕ್ಕದ ಬೋಟಿಗೆ ಹರಡುತ್ತದೆ. ಅಲ್ಲಿ ಬೇಕಾದದ್ದು ನೊರೆ, ಮರಳು, ಮತ್ತು ಹಗ್ಗ ಕತ್ತರಿಸಿ ಬೋಟನ್ನು ದೂರ ಎಳೆಯುವ ಕೈ.

ಬೇಡವೆನ್ನುವವರದೂ ಹುರುಳಿಲ್ಲದ ಮಾತಲ್ಲ. ಹಗಲು ರಾತ್ರಿ ಪಾಳಿಗೆ ಜನ ಬೇಕು, ಚಾಲಕ ಬೇಕು, ಡೀಸೆಲ್ ಬೇಕು. ಮನೆ ತೆರಿಗೆಯಲ್ಲಿ ಬದುಕುವ ಪಂಚಾಯತಿ ಇದನ್ನು ಎಲ್ಲಿಂದ ತಂದೀತು? ಹತ್ತು ಕಿಲೋಮೀಟರಿನೊಳಗೆ ಒಂದು ಠಾಣೆ ಇರುವಾಗ ಸರ್ಕಾರವಾದರೂ ಇನ್ನೊಂದು ಕೊಟ್ಟೀತೆ? ದೊಡ್ಡ ಅನಾಹುತಕ್ಕೆ ಊರ ಗಾಡಿ ಸಾಲುವುದೂ ಇಲ್ಲ. 2015ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಹೊತ್ತಿ ಜನ ಸತ್ತರು. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು, ಒಂದು ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಯಲ್ಲಿ ತೇಲಿಹೋಯಿತು. ಅಲ್ಲಿಗೆ ಎನ್‌ಡಿಆರ್‌ಎಫ್, ನೌಕಾಪಡೆ, ಸೇನೆ ಎಲ್ಲವೂ ಬರಬೇಕಾಯಿತು.

ಇಷ್ಟಾಗಿಯೂ, ನಮ್ಮ ಸುತ್ತ ಬೆಂಕಿ ಆರಿಸುವವರಿಗೆ ಬರವಿಲ್ಲ. ಕೈಗಾ ಅಣುಸ್ಥಾವರಕ್ಕೆ ತನ್ನದೇ ದಳವಿದೆ. ಸೀಬರ್ಡ್ ನೌಕಾನೆಲೆಗೂ ಇದೆ. 2019ರ ಏಪ್ರಿಲಿನಲ್ಲಿ ಕಾರವಾರ ಬಂದರು ಪ್ರವೇಶಿಸುತ್ತಿದ್ದ ವಿಕ್ರಮಾದಿತ್ಯ ನೌಕೆಯಲ್ಲಿ ಬೆಂಕಿ ಎದ್ದಾಗ ಅದನ್ನು ಆರಿಸುತ್ತಲೇ ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ತೀರಿಕೊಂಡರು. ಅಲಗೇರಿಯಲ್ಲಿ ಉದ್ದೇಶಿತ ವಿಮಾನ ನಿಲ್ದಾಣವಾದರೆ ಅಲ್ಲಿಗೂ ಫೈರ್ ಇಂಜಿನ್ ಕಡ್ಡಾಯ. ಕೇಣಿಯಲ್ಲಿ ಜೆಎಸ್‌ಡಬ್ಲ್ಯೂ ಕಟ್ಟಹೊರಟಿರುವ 4,119 ಕೋಟಿ ರೂಪಾಯಿಯ ಬಂದರಿಗೆ ಮೀನುಗಾರರ ವಿರೋಧ ಜೋರಾಗಿದೆ; ಅದು ಬಂದರೆ ಅದರದ್ದೂ ಒಂದು ವ್ಯವಸ್ಥೆ. ನೆಲ ಹೋಗುವುದು ಊರಿನದು, ಗಾಡಿ ನಿಲ್ಲುವುದು ಬೇಲಿಯೊಳಗೆ.

‘ಅವರ ಗಾಡಿಯನ್ನೇ ಊರಿಗೂ ಕಳಿಸಲಿ’ ಎನ್ನುವುದು ಸುಲಭ. ವಿಮಾನ ನಿಲ್ದಾಣದ ಗಾಡಿ ಹೊರಗೆ ಹೋದರೆ ನಿಲ್ದಾಣದ ಸುರಕ್ಷತಾ ದರ್ಜೆ ಇಳಿದು ದೊಡ್ಡ ವಿಮಾನ ಇಳಿಸುವಂತಿಲ್ಲ, ಹಾಗಾಗಿ ಅವರು ಕಳಿಸುವುದು ಅನುಮಾನ. ಆದ್ದರಿಂದ ಭೂಸ್ವಾಧೀನದ ಮಾತುಕತೆಗೆ ಕೂರುವವರು, ಪರಿಹಾರದ ಮೊತ್ತದ ಜೊತೆಗೇ, ಊರಿನ ಹೆಸರಿಗೆ ಬರೆದ ಎರಡನೆಯ ಗಾಡಿಯನ್ನು ಷರತ್ತಿನಲ್ಲಿ ಸೇರಿಸಲಿ ಎಂಬುದು ನನ್ನ ಪಕ್ಷ. ಸಿಬ್ಬಂದಿ ರಾಜ್ಯದವರೇ ಇರಲಿ, ಸಂಬಳ ಯೋಜನೆಯವರೇ ಕೊಡಲಿ. ಅದಾಗುವ ಮೊದಲು ಧಕ್ಕೆಗೆ ಬೇಕಾದದ್ದು ಒಂದು ಸಾಗಿಸಬಹುದಾದ ಪಂಪು, ನೊರೆಯ ಡಬ್ಬಗಳು, ತರಬೇತಾದ ಹತ್ತು ಹುಡುಗರು, ಮತ್ತು ಬೋಟು ಕಟ್ಟುವಾಗ ಸಾಲಿನ ನಡುವೆ ಬಿಡಬೇಕಾದ ಜಾಗ. ಕೊನೆಯದಕ್ಕೆ ಯಾವ ಕಾಯ್ದೆಯೂ ಬೇಡ, ಮೀನುಗಾರರ ಸಹಕಾರ ಸಂಘ ಒಂದು ಸಭೆ ಕರೆದರೆ ಆಯಿತು.