ಕಣ್ಣಿಗೆ ಕನ್ನಡ, ಕಿವಿಗೆ ಪೌಂಡ್ ಚಿಹ್ನೆ: ಯಾದಗಿರಿ ಸೀಮೆಯಲ್ಲಿ ಓದಿನ ಬಾಗಿಲುಗಳು

ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿರೋ ನಿಮಗೆ ಇವತ್ತಿನ ವಿಷಯ ಸ್ವಲ್ಪ ಹತ್ತಿರದ್ದೇ. ಕಣ್ಣಿಂದ ಓದೋಕಾಗದವರು ಕಿವಿಯಿಂದ ಓದ್ತಾರೆ. ಸರ್ಕಾರದ ವೆಬ್‌ಸೈಟ್ ಅವರಿಗೆ ತೆರೆಯುತ್ತಾ? ಯಾದಗಿರಿ, ಶಹಾಪುರ, ಸುರಪುರದ ಕಡೆ ಈ ಪ್ರಶ್ನೆ ಕಂಪ್ಯೂಟರ್‌ಗಿಂತ ಬಹಳ ಹಳೇದು.

ಭೀಮಾ ದಂಡೆಯ ಸನ್ನತಿ ಗೊತ್ತಲ್ಲ? ಕಲಬುರಗಿ ಜಿಲ್ಲೆಗೆ ಸೇರಿದ್ದು, ಆದ್ರೆ ಶಹಾಪುರ, ಯಾದಗಿರಿಯವರಿಗೆ ನೆರೆಯ ಊರೇ. 1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ಕ್ಷೇತ್ರದಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲನ್ನ ನೋಡಿದ್ರೆ, ಅದರ ಮೇಲೆ ಅಶೋಕನ ಶಾಸನ! ಒಡಿಶಾದ ಧೌಲಿ, ಜೌಗಡದಲ್ಲಿರೋ ವಿಶೇಷ ಶಾಸನಗಳೇ ಇಲ್ಲೂ ಇದ್ದವು. ಆ ಶಾಸನಗಳಲ್ಲಿ ಅಧಿಕಾರಿಗಳಿಗೆ ಒಂದು ಸೂಚನೆ ಇದೆ: ಈ ಬರಹವನ್ನ ತಿಷ್ಯ ನಕ್ಷತ್ರದ ದಿನ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು. ಅಂದ್ರೆ ಕಲ್ಲಲ್ಲಿ ಕೆತ್ತಿದವನಿಗೂ ಗೊತ್ತಿತ್ತು, ಎಲ್ಲರೂ ಓದೋದಿಲ್ಲ ಅಂತ.

ಅಲ್ಲಿಂದ ನೇರ ನಿಜಾಮರ ಕಾಲಕ್ಕೆ ಬರೋಣ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿತ್ತು, 1860ರಲ್ಲಿ ಬ್ರಿಟಿಷರು ಸುರಪುರವನ್ನ ನಿಜಾಮರ ಕೈಗೆ ಕೊಟ್ರು. 1880ರ ದಶಕದಲ್ಲಿ ಹೈದರಾಬಾದ್ ದಫ್ತರದ ಭಾಷೆ ಫಾರ್ಸಿಯಿಂದ ಉರ್ದುವಿಗೆ ಬದಲಾಯ್ತು. ಮನೆಯಲ್ಲಿ ಕನ್ನಡ ಆಡೋ ರೈತನಿಗೆ ತನ್ನ ಹೊಲದ ಕಾಗದದಲ್ಲಿ ಏನಿದೆ ಅಂತ ತಿಳಿಯೋಕೆ ಇನ್ನೊಬ್ಬ ಬೇಕು. "ಏನ್ ಬರದಾರ್ರೀ ಇದ್ರಾಗ?" ಅಂತ ಕೇಳಬೇಕು, ಅವನು ಹೇಳಿದ್ದನ್ನ ನಂಬಬೇಕು. 1948ರಲ್ಲಿ ನಿಜಾಮಶಾಹಿ ಹೋಯ್ತು, 1956ರಲ್ಲಿ ಈ ಭಾಗ ಮೈಸೂರು ರಾಜ್ಯ ಸೇರ್ತು, 1963ರಲ್ಲಿ ರಾಜ್ಯದ ಆಡಳಿತ ಭಾಷಾ ಕಾಯ್ದೆ ಬಂತು. ಕಾಗದ ಕನ್ನಡಕ್ಕೆ ಬಂತು. ಓದು ಬಲ್ಲವರಿಗೆ ಮಾತ್ರ, ಅದು ಬೇರೆ ಮಾತು. 2011ರ ಜನಗಣತಿಯಲ್ಲೂ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83 ಶೇಕಡ, ರಾಜ್ಯದಲ್ಲೇ ಕಡಿಮೆ.

ಈಗ ಕಂಪ್ಯೂಟರ್. ಇಲ್ಲೇ ಸ್ವಾರಸ್ಯ ಇರೋದು.

1998ರಲ್ಲಿ ಬರಹ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವಿಲ್ಲದೆ ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಅಷ್ಟು ಬೇಗ ಹಬ್ಬುತ್ತಿರಲಿಲ್ಲ, ಆ ಉಪಕಾರ ದೊಡ್ಡದು. ಆದ್ರೆ ಆಗಿನ ಫಾಂಟ್‌ಗಳ ಒಳಗುಟ್ಟು ಒಂದಿತ್ತು. ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ಹಾಕುತ್ತಿತ್ತು. ನುಡಿ ಫಾಂಟಿನಲ್ಲಿ 'ಕರ್ನಾಟಕ' ಅಂತ ಬರೆದ್ರೆ ಒಳಗೆ ಇರೋದು: ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಚಿಹ್ನೆ, ಇನ್ನೊಂದು ಗೆರೆಯ ಎ, ಹೀಗೆ. ಕಣ್ಣಿದ್ದವರಿಗೆ ಯಾವ ತೊಂದರೆಯೂ ಇಲ್ಲ. ಆದ್ರೆ ದೃಷ್ಟಿ ಇಲ್ಲದವರು ಬಳಸೋದು ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿನದನ್ನ ಗಟ್ಟಿಯಾಗಿ ಓದೋ ತಂತ್ರಾಂಶ. ಅದು ವೇಷ ನೋಡಲ್ಲ, ಒಳಗಿದ್ದದ್ದನ್ನ ಓದುತ್ತೆ. 'ಕರ್ನಾಟಕ' ಅನ್ನೋ ಕಡೆ "ಪಿ, ಎ, ಪೌಂಡ್" ಅನ್ನುತ್ತೆ. ನಿಜಾಮರ ಕಾಲದ ರೈತನ ಪಾಡು ಮತ್ತೆ ಬಂತು ನೋಡಿ, ಈ ಸಲ ಕನ್ನಡದ ವೇಷದಲ್ಲೇ.

ಇದಕ್ಕೆ ಮದ್ದು ಮೊದಲೇ ಇತ್ತು ಅನ್ನೋದು ಬೇಜಾರಿನ ಸಂಗತಿ. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಡೋ ಯೂನಿಕೋಡ್‌ನಲ್ಲಿ ಕನ್ನಡ 1991ರಲ್ಲೇ ಸೇರಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನೋ ಯೂನಿಕೋಡ್ ಫಾಂಟ್ ಬಂತು. ಆಸ್ಟ್ರೇಲಿಯಾದಲ್ಲಿ ಮೈಕಲ್ ಕರನ್ ಎಂಬ ದೃಷ್ಟಿ ಇಲ್ಲದ ಯುವಕ 2006ರಲ್ಲಿ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಶುರುಮಾಡಿದ, ಇಸ್ಪೀಕ್ ಧ್ವನಿ ಸೇರಿಸಿದ್ರೆ ಅದು ಕನ್ನಡವನ್ನೂ ಓದುತ್ತೆ. ಧ್ವನಿ ಒರಟು, ಒಪ್ಪಿದೆ. ಆದ್ರೆ ಅರ್ಥ ಆಗುತ್ತೆ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ ತೋರಿಸೋದು ಕಲಿಯಿತು. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿರೋ ಟಾಕ್‌ಬ್ಯಾಕ್ ಈಗ ಕನ್ನಡ ಮಾತಾಡುತ್ತೆ.

ಕಾನೂನೂ ಹಿಂದೆ ಬಿದ್ದಿಲ್ಲ. ಸರ್ಕಾರಿ ಜಾಲತಾಣ ಹೀಗಿರಬೇಕು ಅಂತ ಕೇಂದ್ರದ ಮಾರ್ಗಸೂಚಿ 2009ರದ್ದು, ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಸಿಗೋದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ 20 ನಿರ್ದೇಶನ ಕೊಟ್ಟಿತು. ಕಣ್ಣು ಮಿಟುಕಿಸಿದ್ರೆ ಮಾತ್ರ ಕೆವೈಸಿ ಆಗೋ ವ್ಯವಸ್ಥೆಯಲ್ಲಿ ಆಸಿಡ್ ದಾಳಿಗೆ ಒಳಗಾದವರು, ದೃಷ್ಟಿ ಇಲ್ಲದವರು ಏನು ಮಾಡಬೇಕು ಅನ್ನೋದೇ ಅಲ್ಲಿನ ಪ್ರಶ್ನೆ.

ಹಾಗಾದ್ರೆ ಇವತ್ತಿನ ಬೀಗ ಎಲ್ಲಿದೆ? ನನ್ನ ಪ್ರಕಾರ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ. ಆದೇಶವನ್ನ ಯೂನಿಕೋಡ್‌ನಲ್ಲೇ ಟೈಪ್ ಮಾಡ್ತಾರೆ, ಪ್ರಿಂಟ್ ತೆಗೀತಾರೆ, ಸಹಿ, ಸೀಲು ಹಾಕ್ತಾರೆ, ಫೋಟೋ ಥರ ಸ್ಕ್ಯಾನ್ ಮಾಡಿ ಸೈಟಿಗೆ ಏರಿಸ್ತಾರೆ. ಅಕ್ಷರ ಹೋಗಿ ಚಿತ್ರ ಆಯ್ತು. ಪಿಂಚಣಿ ಪಟ್ಟಿಯಲ್ಲಿ ತನ್ನ ಹೆಸರಿದೆಯಾ ಅಂತ ನೋಡೋಕೆ ಸುರಪುರದ ಹುಡುಗಿಯೊಬ್ಬಳು ಮತ್ತೆ ಸೈಬರ್ ಸೆಂಟರ್‌ಗೆ ಹೋಗಿ ಇನ್ನೊಬ್ಬರನ್ನ ಕೇಳಬೇಕು, ಜೊತೆಗೆ ಆಧಾರ್ ನಂಬರ್, ಒಟಿಪಿ ಎರಡನ್ನೂ ಅವರ ಮುಂದೆ ಹೇಳಬೇಕು.

ಪರೀಕ್ಷೆ ಸುಲಭ. ನಿಮ್ಮ ಫೋನಲ್ಲಿ ಬಂದ ಯಾವುದಾದ್ರೂ ಸರ್ಕಾರಿ ಪಿಡಿಎಫ್ ತೆರೆದು, ಒಂದು ಪದದ ಮೇಲೆ ಬೆರಳು ಒತ್ತಿ ಹಿಡೀರಿ. ಪದ ಆಯ್ಕೆಯಾಗದಿದ್ರೆ ಅದು ಚಿತ್ರ. ಆಯ್ಕೆಯಾದ್ರೆ ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಅಲ್ಲಿ ಕನ್ನಡ ಬರುತ್ತಾ, ಪೌಂಡ್ ಚಿಹ್ನೆ ಬರುತ್ತಾ, ನೋಡಿ.